ನಾಲ್ಕು ಚೌಕದ ನ್ಯಾಯ

ಬೆಳೆ ವಿಮೆ ದುಡ್ಡು ಬಂತಂತೆ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅನ್ನೋ ಗಲಾಟೆಯೂ ಅದರ ಹಿಂದೆಯೇ ಬಂತು. ಕಥೆ ನಿಮಗೆ ಗೊತ್ತಿರುವುದೇ. ಹಳ್ಳದ ಈ ದಂಡೆಯ ಪಂಚಾಯಿತಿಗೆ ಪರಿಹಾರ, ಆ ದಂಡೆಯ ಪಂಚಾಯಿತಿಗೆ ಸೊನ್ನೆ. ಎರಡೂ ಕಡೆ ಅದೇ ಕಪ್ಪು ಮಣ್ಣು, ಅದೇ ತೊಗರಿ, ಅದೇ ಕೈಕೊಟ್ಟ ಮಳೆ. ತೊಗರಿ ಗಿಡ ಒಣಗಿಸುವ ನೆಟೆ ರೋಗಕ್ಕೆ ಪಂಚಾಯಿತಿ ಗಡಿ ಎಲ್ಲಿದೆ ಅಂತ ಗೊತ್ತಿಲ್ಲ. ವಿಮೆಗೆ ಮಾತ್ರ ಚೆನ್ನಾಗಿ ಗೊತ್ತು.

ಬೈಯುವವರು ಬೈಯಲಿ, ನನಗಂತೂ ಹೆಮ್ಮೆ. ಡಿಗ್ರಿ ಹುಡುಗರು ತಲೆ ಕೆರೆದುಕೊಳ್ಳುವ ಸ್ಯಾಂಪ್ಲಿಂಗ್ ಡಿಸ್ಟ್ರಿಬ್ಯೂಷನ್ (ಬೇರೆ ಬೇರೆ ಸ್ಯಾಂಪಲ್ ತೆಗೆದರೆ ಸರಾಸರಿ ಎಷ್ಟು ಅಲುಗಾಡುತ್ತೆ ಅನ್ನೋ) ಪಾಠವನ್ನು ಇಡೀ ಕಲಬುರಗಿ ಜಿಲ್ಲೆಗೆ ಹೊಲದಲ್ಲೇ ನಿಲ್ಲಿಸಿ ಕಲಿಸುವ ವ್ಯವಸ್ಥೆ ಬೇರೆಲ್ಲಿದೆ ಹೇಳಿ? ಪುಕ್ಕಟೆ ಅಲ್ಲ ಬಿಡಿ. ಮುಂಗಾರು ಬೆಳೆಗೆ ವಿಮೆ ಮೊತ್ತದ 2% ರೈತನೇ ಕಟ್ಟಿರುತ್ತಾನೆ. ಅದನ್ನು ಟ್ಯೂಷನ್ ಫೀಸು ಅಂದುಕೊಂಡರಾಯಿತು.

ಪಾಠ ಹೀಗಿದೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಒಂದು ಪಂಚಾಯಿತಿಗೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗ. ಯಾವ ಸರ್ವೆ ನಂಬರ್ ಅನ್ನೋದನ್ನು ರ‍್ಯಾಂಡಮ್ ನಂಬರ್ ಆರಿಸುತ್ತೆ. ಹೊಲದ ನೈರುತ್ಯ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದ, ಇಷ್ಟು ಹೆಜ್ಜೆ ಅಗಲ ನಡೆಯಬೇಕು. ಅಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ ಚೌಕ ಮಾಡಿ, ಒಳಗಿನ ಬೆಳೆ ಕೊಯ್ದು, ಬಡಿದು, ತೂಗಬೇಕು. ಮೊಬೈಲಿನಲ್ಲಿ ಫೋಟೋ ಹೊಡೆಯಬೇಕು. ನಾಲ್ಕು ತೂಕದ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ. ಇನ್ನೊಂದು ಕಡೆ, ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷಗಳ ಸರಾಸರಿ ತೆಗೆದು, ಅದರ 70, 80 ಅಥವಾ 90 ಪರ್ಸೆಂಟ್ ಹಿಡಿದು ಒಂದು ಗೆರೆ ಎಳೆದಿರುತ್ತಾರೆ. ಇಳುವರಿ ಗೆರೆಗಿಂತ ಕೆಳಗಿದ್ದರೆ ದುಡ್ಡು. ಮೇಲಿದ್ದರೆ ನಮಸ್ಕಾರ.

ಊರಲ್ಲಿ ಎಲ್ಲರೂ ಹಿಡಿಯುವ ತಕರಾರು ಒಂದೇ. "ಐದು ಮೀಟರಿನ ನಾಲ್ಕು ಚೌಕ ಕೂಡಿಸಿದ್ರೂ ಒಂದು ಗುಂಟೆ ಆಗಲ್ರೀ ಸಾಹೇಬ್ರ, ಸಾವಿರಾರು ಎಕರೆಗೆ ಅದೇ ಸಾಕ್ಷಿ ಏನ್ರೀ?" ಲೆಕ್ಕ ಸರಿಯಾಗಿದೆ. ಹತ್ತು-ಐದು ಮೀಟರಿನ ಪಟ್ಟಿ ಹಿಡಿದರೂ ಎರಡು ಗುಂಟೆ ದಾಟಲ್ಲ. ಆದರೆ ಸ್ಟ್ಯಾಟಿಸ್ಟಿಕ್ಸ್ ಈ ಬೈಗುಳಕ್ಕೆ ಕ್ಯಾರೇ ಅನ್ನಲ್ಲ. ಪಂಚಾಯಿತಿ ಸಾವಿರ ಎಕರೆ ಇರಲಿ, ಹತ್ತು ಸಾವಿರ ಇರಲಿ, ಸರಾಸರಿ ಎಷ್ಟು ಅಲುಗಾಡುತ್ತೆ ಅನ್ನೋದು ಬೇರೆ ಎರಡು ವಿಷಯದ ಮೇಲೆ ನಿಂತಿದೆ. ಹೊಲದಿಂದ ಹೊಲಕ್ಕೆ ಇಳುವರಿ ಎಷ್ಟು ಏರುಪೇರು? ಎಷ್ಟು ಚೌಕ ಕೊಯ್ದಿರಿ? ಏರುಪೇರನ್ನು ಚೌಕಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯ ಅಲುಗಾಟ, ಸಿಗುತ್ತೆ. ಸಿಟ್ಟು ಮಾಡುವುದಾದರೆ ಗುಂಟೆ ಮೇಲೆ ಬೇಡ, ಆ ನಾಲ್ಕರ ಮೇಲೆ ಮಾಡಿ.

ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು ಅಂತಾರೆ. ಸುಳ್ಳಲ್ಲ. ಪಾತ್ರೆಯ ಎಲ್ಲ ಅಗುಳೂ ಒಂದೇ ನೀರಲ್ಲಿ ಕುದ್ದಿರುತ್ತೆ. ಆದರೆ ಅದು ಅನ್ನ ಉಣ್ಣುವವರ ಗಾದೆ. ನಮ್ಮದು ಜೋಳದ ರೊಟ್ಟಿ ಸೀಮೆ. ಒಂದು ರೊಟ್ಟಿ ಉಬ್ಬಿತು ಅಂತ ಬುಟ್ಟಿಯಲ್ಲಿರೋದೆಲ್ಲ ಉಬ್ಬಿದೆ ಅಂತ ಯಾವ ಅವ್ವನೂ ಹೇಳಲ್ಲ. ತೊಗರಿಯೂ ಹಾಗೇ. ನೆಟೆ ಬಿದ್ದರೆ ಒಂದು ಕಡೆ ಗುಂಪು ಗುಂಪಾಗಿ ಒಣಗಿ ನಿಂತಿರುತ್ತೆ, ನಾಲ್ಕು ಸಾಲಿನಾಚೆ ಹಸಿರು. ತಗ್ಗಿನಲ್ಲಿ ನೀರು ನಿಂತು ಕೊಳೆತಿರುತ್ತೆ, ದಿಬ್ಬದಲ್ಲಿ ಕಾಯಿ ಜೋತಾಡುತ್ತಿರುತ್ತೆ.

ಲೆಕ್ಕಕ್ಕೆ ಅಂತ ಒಂದು ಪಂಚಾಯಿತಿ ಇಟ್ಟುಕೊಳ್ಳಿ. ಗೆರೆ ಎಕರೆಗೆ 4 ಕ್ವಿಂಟಲ್. ಈ ವರ್ಷ ನಿಜವಾಗಿ ಬಂದದ್ದು ಮೂರೂವರೆ. ಪರಿಹಾರ ಸಿಗಲೇಬೇಕು, ಅಲ್ವಾ? ಚೌಕದಿಂದ ಚೌಕಕ್ಕೆ ಏರುಪೇರಿನ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡಿವಿಯೇಷನ್, 2 ಕ್ವಿಂಟಲ್. ನಾಲ್ಕರ ವರ್ಗಮೂಲ ಎರಡು, ಹಾಗಾಗಿ ಸರಾಸರಿಯ ಅಲುಗಾಟ 1 ಕ್ವಿಂಟಲ್. ಬೆಲ್ ಕರ್ವ್ (ಗಂಟೆಯಾಕಾರದ ನಾರ್ಮಲ್ ರೇಖೆ) ಹಿಡಿದು ನೋಡಿದರೆ ನಾಲ್ಕು ಚೌಕದ ಸರಾಸರಿ 4 ಕ್ವಿಂಟಲ್ ದಾಟುವ ಸಾಧ್ಯತೆ ಸುಮಾರು 31%. ಯಾರೂ ಮೋಸ ಮಾಡಿಲ್ಲ. ಎಲ್ಲರೂ ದೇವರಾಣೆ ಪ್ರಾಮಾಣಿಕವಾಗಿ ಗೂಟ ಹೊಡೆದಿದ್ದಾರೆ. ಆದರೂ ಇಂಥ ಹತ್ತು ಪಂಚಾಯಿತಿಯಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಸೊನ್ನೆ! 16 ಚೌಕ ಕೊಯ್ದಿದ್ದರೆ ಆ 31 ಇಳಿದು 16% ಆಗುತ್ತಿತ್ತು. 64 ಕೊಯ್ದಿದ್ದರೆ ಎರಡು ಚಿಲ್ಲರೆ. ಅಲುಗಾಟ ಅರ್ಧ ಆಗಬೇಕಾದರೆ ಕೆಲಸ ನಾಲ್ಕು ಪಟ್ಟು, ವರ್ಗಮೂಲದ ಹಣೆಬರಹವೇ ಅಷ್ಟು. ಇನ್ನು ನಾಲ್ಕೇ ಚೌಕಕ್ಕೆ ಬೆಲ್ ಕರ್ವ್ ಹಿಡಿದದ್ದೇ ನನ್ನ ಧಾರಾಳತನ. ನಮ್ಮ ಕಾಲೇಜು ಹುಡುಗರು "ಸ್ಯಾಂಪಲ್ 30 ದಾಟಿದರೆ ಸರಾಸರಿ ನಾರ್ಮಲ್" ಅಂತ ಸೆಂಟ್ರಲ್ ಲಿಮಿಟ್ ಥಿಯರಂ ಬಾಯಿಪಾಠ ಮಾಡುತ್ತಾರೆ. ಆ 30 ಕೂಡ ಕಲ್ಲಿನ ಮೇಲೆ ಕೊರೆದದ್ದಲ್ಲ. ಇಳುವರಿಯ ಅಂಕಿಗಳು ಒಂದೇ ಕಡೆಗೆ ವಾಲಿದ್ದರೆ ಇನ್ನೂ ಜಾಸ್ತಿ ಬೇಕು.

ನಾಲ್ಕನ್ನು ಬೈದು ಬೈದು ಸಾಕಾದರೆ ಐದಕ್ಕೆ ಬನ್ನಿ. ಟಿವಿಯವರ ಪ್ರೀತಿಯ ಸಂಖ್ಯೆ ಅದು. ಚುನಾವಣೆ ಬಂದರೆ ಸೂಪರ್ ಮಾರ್ಕೆಟ್‌ನಲ್ಲಿ ಮೈಕ್ ಹಿಡಿದು ಐದು ಜನರನ್ನು ಕೇಳುತ್ತಾರೆ. "ಏನ್ರೀ ಕಾಕಾ, ಈ ಸಲ ಯಾರ ಗಾಳಿ?" ಆಮೇಲೆ "ಕಲಬುರಗಿಯ ನಾಡಿಮಿಡಿತ" ಅಂತ ಬ್ಯಾನರ್. ಐದು ಜನರನ್ನು ಕೇಳಿದರೆ ಬರಬಹುದಾದ ಪರ್ಸೆಂಟೇ ಆರು: 0, 20, 40, 60, 80, 100. ನಡುವೆ ಏನೂ ಇಲ್ಲ. ಊರು ಸರಿಯಾಗಿ ಅರ್ಧ ಅರ್ಧ ಒಡೆದಿದ್ದರೂ, ಐದರಲ್ಲಿ ನಾಲ್ಕು ಅಥವಾ ಐದೂ ಜನ ಒಂದೇ ಕಡೆ ಹೇಳುವ ಸಾಧ್ಯತೆ 37.5%. "80% ಜನ ಒಂದೇ ಪಕ್ಷದ ಕಡೆ" ಅನ್ನೋ ಸುದ್ದಿ ಸುಮ್ನೆ ಗಾಳಿಯಲ್ಲೇ ಹುಟ್ಟಬಹುದು. ಸಾವಿರ ಜನರನ್ನು ಸರಿಯಾಗಿ ಆರಿಸಿ ಕೇಳಿದರೆ 3% ಆಚೀಚೆಗೆ ಬರುತ್ತೆ. ಸರಿಯಾಗಿ ಆರಿಸಿ ಅಂದೆ. ಅಮೆರಿಕದ ಒಂದು ಪತ್ರಿಕೆ 1936ರಲ್ಲಿ 20 ಲಕ್ಷಕ್ಕೂ ಜಾಸ್ತಿ ಚೀಟಿ ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಅಂತ ಬರೆಯಿತು. ಅವರು 48 ರಾಜ್ಯಗಳಲ್ಲಿ 46 ಗೆದ್ದರು. 2024ರ ಜೂನ್‌ನಲ್ಲಿ ನಮ್ಮ ಎಕ್ಸಿಟ್ ಪೋಲ್‌ಗಳಲ್ಲಿ ಹೆಚ್ಚಿನವು ಎನ್‌ಡಿಎಗೆ 350 ದಾಟಿಸಿದವು, ಬಂದದ್ದು 293. ಮೂರು ದಿನದ ನಂತರ ಅದೇ ಸ್ಟುಡಿಯೋ, ಅದೇ ಕೋಟು.

ಮತ್ತೆ ಹೊಲಕ್ಕೆ ಬರೋಣ. ಈ ಚೌಕದ ಜಗಳ ಹಳೆಯದು. ಕೋಲ್ಕತ್ತದಲ್ಲಿ 1931ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಮಹಾಲನೋಬಿಸ್ ಅವರಿಗೆ ಸಣ್ಣ ಸಣ್ಣ ತುಂಡು ಕೊಯ್ಯುವುದು ಇಷ್ಟ. ಸಮಯ ಉಳಿಯುತ್ತೆ, ಜಾಸ್ತಿ ಜಾಗ ನೋಡಬಹುದು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ 1940ರ ದಶಕದಲ್ಲಿ ತಕರಾರು ತೆಗೆದರು. ತುಂಡು ಸಣ್ಣದಾದಷ್ಟೂ ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತೆ ಅಂತ ತೋರಿಸಿದರು. ಕಾರಣ ಬಹಳ ಮಾನವೀಯವಾಗಿದೆ. ಹಗ್ಗದ ಮೇಲೇ ನಿಂತ ಗಿಡ ಒಳಗಿನದಾ, ಹೊರಗಿನದಾ? ಕುಡುಗೋಲು ಹಿಡಿದವನ ಕೈ ಅದನ್ನು ಒಳಗೇ ಎಳೆದುಕೊಳ್ಳುತ್ತೆ. ತುಂಡು ಸಣ್ಣದಾದರೆ ಗಡಿಯ ಪಾಲು ಜಾಸ್ತಿ. ಗಮನಿಸಿ, ಇದು ಆಚೀಚೆ ಆಗುವ ಅಲುಗಾಟ ಅಲ್ಲ, ಯಾವಾಗಲೂ ಒಂದೇ ಕಡೆಗೆ ಆಗುವ ವಾಲುವಿಕೆ. ನಾಲ್ಕರ ಬದಲು ನಾಲ್ಕು ನೂರು ಚೌಕ ಕೊಯ್ದರೂ ಹೋಗಲ್ಲ. ರಸ್ತೆ ಪಕ್ಕದ ಹೊಲವೇ ಸಾಕು, ಹಳ್ಳ ದಾಟೋದು ಯಾರು ಅಂತ ಯಾರಾದರೂ ಅಂದುಕೊಂಡರೆ ಅದೂ ಹೋಗಲ್ಲ. ಗಡಿಯ ಗಿಡ ಒಳಗೆ ಬಂದಾಗ ಇಳುವರಿ ಏರುತ್ತೆ, ಪರಿಹಾರ ಇಳಿಯುತ್ತೆ. ಗಿಡಕ್ಕೂ ಇದರಲ್ಲಿ ಶೇರು ಇದ್ದ ಹಾಗಿದೆ.

"ನಾಲ್ಕಾದರೂ ತೊಂದರೆ ಇಲ್ಲ, ಸರಿಯಾಗಿ ಆರಿಸಿದರೆ ಸರಾಸರಿಗಳ ಸರಾಸರಿ ನಿಜದ ಸರಾಸರಿಯೇ" ಅಂತ ಪುಸ್ತಕ ಹೇಳುತ್ತೆ. ನಿಜ. ಆದರೆ ಆ ಸರಾಸರಿಗಳ ಸರಾಸರಿಯನ್ನು ನೋಡುವವರು ಯಾರು? ಸಾವಿರಾರು ಪಂಚಾಯಿತಿಯ ಲೆಕ್ಕ ಒಂದೇ ಹಾಳೆಯಲ್ಲಿ ಇಟ್ಟುಕೊಂಡವರು. ಆಳಂದದ ಒಂದು ಕಡೆ ಕಡಿಮೆ ಕೊಟ್ಟರು, ಸೇಡಂನ ಒಂದು ಕಡೆ ಜಾಸ್ತಿ ಕೊಟ್ಟರು, ಎಲ್ಲಾ ಒಂದೇ ಖಾತೆ. ರೈತನಿಗೆ ಇರೋದು ಒಂದೇ ಪಂಚಾಯಿತಿ, ಒಂದೇ ಮುಂಗಾರು, ಒಂದೇ ಸಲ ಎತ್ತಿದ ನಾಲ್ಕು ಚೀಟಿ. ಅವನ ಸಾಲಕ್ಕೆ ಬ್ಯಾಂಕು ಬಡ್ಡಿ ಹಾಕುವಾಗ ಸ್ಟ್ಯಾಂಡರ್ಡ್ ಎರರ್ ಬಿಡಲ್ಲ. ಪೈಸೆ ಪೈಸೆ ಕರಾರುವಾಕ್ಕು. ಅವನ ಬೆಳೆ ಅಳೆಯುವಾಗ ಮಾತ್ರ ಒಂದು ಕ್ವಿಂಟಲ್ ಆಚೀಚೆ ಆದರೆ ಏನಾಗುತ್ತೆ ಅನ್ನೋ ಉದಾರತೆ. ಕೇಳೋಕೆ ಹೋದರೆ "ನಿಯಮದ ಪ್ರಕಾರ" ಅಂತಾರೆ. ಪ್ರತಿ ವರ್ಷ ಇದೇ. ಸಾಕಾಗಿದೆ.

ಜೂನ್ 29 ಮಹಾಲನೋಬಿಸ್ ಹುಟ್ಟಿದ ದಿನ. 2007ರಿಂದ ರಾಷ್ಟ್ರೀಯ ಸಾಂಖ್ಯಿಕ ದಿನ. ಅವತ್ತು ಹಾರ, ಭಾಷಣ, ಉಪ್ಪಿಟ್ಟು ಎಲ್ಲ ಆಗಲಿ. ಜೊತೆಗೆ ಒಂದು ಸಣ್ಣ ಕೆಲಸ. ಸರಾಸರಿ ಒಂದನ್ನೇ ಹೇಳಬೇಡಿ, ನಾಲ್ಕೂ ಅಂಕಿಯನ್ನು ಸರ್ವೆ ನಂಬರ್ ಸಮೇತ ಪಂಚಾಯಿತಿ ಬೋರ್ಡಿಗೆ ಹಚ್ಚಿ. 4, 4, 4, 4 ಇದ್ದರೂ ಸರಾಸರಿ 4. 1, 2, 4, 9 ಇದ್ದರೂ ಸರಾಸರಿ 4. ಮೊದಲನೆಯದನ್ನು ನಂಬಬಹುದು. ಎರಡನೆಯದನ್ನು ನೋಡಿದರೆ, ಮಳೆಯಾಶ್ರಿತ ಹೊಲಗಳ ಪಟ್ಟಿಯೊಳಗೆ ಆ 9 ಬೆಳೆದ ಹೊಲ ಯಾವುದು, ಅದರಲ್ಲಿ ಬೋರ್‌ವೆಲ್ ಯಾವಾಗ ಹೊಡೆಸಿದರು ಅಂತ ಕಟ್ಟೆ ಮೇಲೆ ಕೂತವರೇ ಹೇಳಿಬಿಡುತ್ತಾರೆ.