ಎಕ್ಸೆಲ್ ಕೇಳಿದರೆ ಪಿಡಿಎಫ್ ಕೊಟ್ಟರು

ಕೊಡಗಿನ ಗೋಣಿಕೊಪ್ಪದ ಒಂದು ಹಾಲ್‌ನಲ್ಲಿ ಅರ್ಧ ದಿನ ಕೂತು ಈಗಷ್ಟೇ ಮನೆಗೆ ಬಂದೆ. ತಲೆಬಿಸಿ ಇನ್ನೂ ಇಳಿದಿಲ್ಲ. ಉದ್ದ ಬರೆಯುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಂದಲೇ ಜಾರಿಕೊಳ್ಳಬಹುದು.

ಕಾಫಿ ತೋಟದವರಿಗೆ ಸಲಹೆ ಕೊಡುವ ಒಂದು ಕಂಪನಿಯ ಕಾರ್ಯಕ್ರಮ. ಹೆಸರು ಬೇಡ. ಯೋಜನೆ ಏನಪ್ಪಾ ಅಂದರೆ, ಹಳೇ ಗಿಡ ಕಿತ್ತು ಹೊಸ ರೊಬಸ್ಟಾ ಕಾಫಿ ಹಾಕಿ, ಕೆರೆ ತೋಡಿಸಿ, ಸ್ಪ್ರಿಂಕ್ಲರ್ ಕೂರಿಸಿ, ಇದ್ದ ಮರಕ್ಕೆಲ್ಲ ಕಾಳುಮೆಣಸು ಹಬ್ಬಿಸಿ. ದುಡ್ಡು? ಬ್ಯಾಂಕ್ ಸಾಲ. ಪರದೆ ಮೇಲೆ 10 ವರ್ಷದ ಟೇಬಲ್. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಐಆರ್‌ಆರ್ (ಹಾಕಿದ ದುಡ್ಡಿಗೆ ವರ್ಷಕ್ಕೆ ಸಿಗುವ ಆದಾಯದ ದರ) ಶೇ. 23.47. ಆ 47 ನೋಡಿಯೇ ಅರ್ಧ ಸಭೆ ಕರಗಿತು. ಬ್ರೆಜಿಲ್‌ನ ಕಾಫಿ ತೋಟಗಳಲ್ಲಿ ಮುಂದಿನ ವರ್ಷ ಹಿಮ ಬೀಳುತ್ತದಾ ಇಲ್ಲವಾ ಯಾರಿಗೂ ಗೊತ್ತಿಲ್ಲ. ಆದರೆ ನಮ್ಮ ತೋಟದ ಲಾಭ ಮಾತ್ರ ದಶಮಾಂಶದ ಎರಡನೇ ಸ್ಥಾನದ ತನಕ ಗೊತ್ತು!

ನನ್ನ ಕೆಲಸ ನಿಮಗೆ ಗೊತ್ತಲ್ಲ, ಇನ್ನೊಬ್ಬರ ತೋಟದ ಲೆಕ್ಕ ನೋಡುವುದೇ ಹೊಟ್ಟೆಪಾಡು. ಸುಮ್ನೆ ಇರೋಕಾಗಲಿಲ್ಲ. 'ಈ ಶೀಟ್ ಕೊಡಿ, ಮನೆಯಲ್ಲಿ ನಮ್ಮ ಅಂಕಿ ಹಾಕಿ ನೋಡುತ್ತೇವೆ' ಅಂದೆ. 'ಖಂಡಿತ ಮೇಡಂ' ಅಂದರು. ಊಟದ ಹೊತ್ತಿಗೆ ವಾಟ್ಸಾಪ್‌ಗೆ ಬಂತು. ಪಿಡಿಎಫ್. ಅದೇ ಟೇಬಲ್, ಅದೇ ಬಣ್ಣ, ಅದೇ 23.47. ಎಕ್ಸೆಲ್ ಫೈಲ್ ಎಲ್ಲಿ ಅಂದರೆ 'ಅದು ನಮ್ಮ ಕಾನ್ಫಿಡೆನ್ಶಿಯಲ್ ಮಾಡೆಲ್ ಮೇಡಂ' ಅಂತೆ. ಪಂದಿಕರಿಯ ಫೋಟೋ ತೋರಿಸಿ 'ಊಟ ಹೇಗಿತ್ತು' ಅಂತ ಕೇಳಿದ ಹಾಗಾಯಿತು.

ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಅಂಕಿ ಬದಲಾಯಿಸಿ ನೋಡುವುದಕ್ಕೆ. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಮಾಡಿದರು. ಬ್ರಿಕ್ಲಿನ್ ಆಗ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ. ಒಂದು ಅಂಕಿ ತಿದ್ದಿದರೆ ಇಡೀ ಟೇಬಲನ್ನು ಕೈಯಲ್ಲಿ ಮತ್ತೆ ಕೂಡಬೇಕಾದ ಕಷ್ಟ ತಪ್ಪಲಿ ಅಂತಲೇ ಅದನ್ನು ಮಾಡಿದ್ದು. ಬೆಲೆ ಬಿದ್ದರೆ ಏನಾಗುತ್ತದೆ, ಕೂಲಿ ಏರಿದರೆ ಏನಾಗುತ್ತದೆ, ಒಂದು ಸೆಲ್ (ಟೇಬಲಿನ ಒಂದು ಚೌಕ) ಮುಟ್ಟಿದರೆ ಗೊತ್ತಾಗಬೇಕು. ಅಂಥದ್ದನ್ನು ಬೀಗ ಹಾಕಿ ಫೋಟೋ ಮಾಡಿ ಕೊಟ್ಟರೆ ಅದು ಗೋಡೆಗೆ ಹಾಕುವ ಕ್ಯಾಲೆಂಡರ್, ಅಷ್ಟೇ. ಕ್ಯಾಲೆಂಡರಿನಲ್ಲಿ ಕಡೇಪಕ್ಷ ಹುತ್ತರಿ ಯಾವತ್ತು ಅಂತ ಇರುತ್ತದೆ.

ಪಿಡಿಎಫ್‌ನಲ್ಲೂ ಕಣ್ಣಿಗೆ ಬಿದ್ದದ್ದು ಹೇಳುತ್ತೇನೆ. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಬೆಲೆ ಮೊದಲ ವರ್ಷ ಮೂಟೆಗೆ 10,000. ಆಮೇಲೆ ವರ್ಷಕ್ಕೆ ಶೇ. 8 ಏರಿಕೆ. ಹತ್ತನೇ ವರ್ಷಕ್ಕೆ ಹೆಚ್ಚುಕಡಿಮೆ 20,000. ನೇರ ಏಣಿ, ಒಂದು ಮೆಟ್ಟಿಲೂ ಕೆಳಗೆ ಇಳಿಯುವುದಿಲ್ಲ. 2024ರಲ್ಲಿ ರೊಬಸ್ಟಾ ಚೆರ್ರಿ 50 ಕೆಜಿ ಮೂಟೆಗೆ 10,000 ದಾಟಿದ್ದು ನಿಜ. ಆದರೆ ಅದನ್ನು ದಾಟಿಸಿದ್ದು ನಾವಲ್ಲ. ವಿಯೆಟ್ನಾಂನಲ್ಲಿ ಬರ ಬಂತು, ಲಂಡನ್ ಮಾರುಕಟ್ಟೆ ಮೇಲೆ ಹೋಯಿತು, ನಮಗೂ ಸಿಕ್ಕಿತು. 2001ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಇಳಿದಿತ್ತು. 2025ರ ಫೆಬ್ರವರಿಯಲ್ಲಿ ಅದೇ ಅರೇಬಿಕಾ 4 ಡಾಲರ್ ದಾಟಿತು. ಈ ಎರಡು ತುದಿಗಳ ನಡುವೆ ವರ್ಷಕ್ಕೆ ಶೇ. 8 ಅನ್ನುವ ಗೆರೆ ಯಾವ ಸ್ಕೇಲಿನಲ್ಲಿ ಎಳೆದರೋ!

ವೆನಿಲ್ಲಾ ಮರೆತುಹೋಯಿತಾ? 2000ದಲ್ಲಿ ಮಡಗಾಸ್ಕರ್‌ನಲ್ಲಿ ಚಂಡಮಾರುತ ಬೀಸಿತು, ಇಲ್ಲಿ ಕಂಡಕಂಡ ಮರಕ್ಕೆ ಬಳ್ಳಿ ಹತ್ತಿತು. 2004ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಆಗಲೂ ಲೆಕ್ಕ ಹಾಕಿಯೇ ಬಳ್ಳಿ ನೆಟ್ಟದ್ದು. ಲೆಕ್ಕದಲ್ಲಿ ಬೆಲೆ ಒಂದೇ ಇತ್ತು, ಅಷ್ಟೇ ತೊಂದರೆ.

ಪೂಲಿಂಗ್ ಕಾಲದಲ್ಲಿ ಈ ಬೆಲೆಯ ಸೆಲ್ ಯಾರ ತಲೆನೋವೂ ಆಗಿರಲಿಲ್ಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಿ ಕಂತಿನಲ್ಲಿ ದುಡ್ಡು ಬರುವುದನ್ನು ಕಾಯುತ್ತಿದ್ದರು. 1996ರಿಂದ ಮಾರಾಟ ಪೂರ್ತಿ ಮುಕ್ತ. ಮಾರುವುದಾ, ಗೋದಾಮಿನಲ್ಲಿ ಇಡುವುದಾ ಅನ್ನುವುದು ನಮ್ಮ ತೀರ್ಮಾನ. ಅಂದರೆ ಇಡೀ ಟೇಬಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಅಲುಗಾಡುವ ಅಂಕಿ ನಮ್ಮ ಕೈಯಲ್ಲಿರಬೇಕು. ಅದನ್ನೇ ಬೀಗದೊಳಗೆ ಇಟ್ಟಿದ್ದಾರೆ.

ಔಟ್‌ಟರ್ನ್ ನೋಡಿ. 28 ಹಾಕಿದ್ದಾರೆ, ಹತ್ತೂ ವರ್ಷ 28. ಅಂದರೆ 50 ಕೆಜಿ ಚೆರ್ರಿಯಲ್ಲಿ 28 ಕೆಜಿ ಕಾಫಿ ಬೇಳೆ. ಕೆಜಿಗೆ 400 ರೂಪಾಯಿ ಅಂದರೆ ಮೂಟೆಗೆ 11,200. ಕಾಯಿ ಜೊಳ್ಳಾಗಿ 25 ಬಂದರೆ 10,000. ನೂರು ಮೂಟೆಗೆ 1,20,000 ರೂಪಾಯಿ ಮಾಯ. ಇದು ಒಂದೇ ಸೆಲ್‌ನ ಆಟ.

ಇನ್ನೆರಡು ಸೆಲ್ ಸೇರಿಸೋಣ, ಅಂಕಿ ಉದಾಹರಣೆಗೆ ಅಷ್ಟೇ. ಐದು ಎಕರೆ, ಖರ್ಚು 6 ಲಕ್ಷ. ಒಳ್ಳೇ ವರ್ಷ 100 ಮೂಟೆ, ಔಟ್‌ಟರ್ನ್ 28, ದರ 400. ಬಂದದ್ದು 11.2 ಲಕ್ಷ, ಉಳಿದದ್ದು 5.2 ಲಕ್ಷ. ಕೆಟ್ಟ ವರ್ಷ 60 ಮೂಟೆ, ಔಟ್‌ಟರ್ನ್ 25, ದರ 300. ಬಂದದ್ದು 4.5 ಲಕ್ಷ. ಕೈಯಿಂದ ಒಂದೂವರೆ ಲಕ್ಷ ಹೋಯಿತು. ಬ್ಯಾಂಕಿನ ಕಂತು ಇದರಲ್ಲಿ ಇಲ್ಲ. ಕೆಟ್ಟ ವರ್ಷದಲ್ಲಿ ಖರ್ಚು ಹುಟ್ಟಬೇಕಾದರೂ ಮೂಟೆಗೆ 10,000 ಬೇಕು. ಒಳ್ಳೇ ವರ್ಷದಲ್ಲಿ 6,000 ಸಾಕು. ಎಕ್ಸೆಲ್‌ನಲ್ಲಿ ಗೋಲ್ ಸೀಕ್ ಅಂತ ಇದೆ, ಬೇಕಾದ ಉತ್ತರಕ್ಕೆ ಯಾವ ಅಂಕಿ ಹಾಕಬೇಕು ಅಂತ ಹುಡುಕುವ ಸೌಲಭ್ಯ, ಅರ್ಧ ನಿಮಿಷದಲ್ಲಿ ಇದನ್ನು ಹೇಳುತ್ತದೆ. ಆದರೆ ಪಿಡಿಎಫ್‌ಗೆ ಗೋಲೂ ಇಲ್ಲ, ಸೀಕೂ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. 'ಫಸಲು ಕಡಿಮೆ ಆದ ವರ್ಷ ಬೆಲೆ ಏರುತ್ತದಲ್ಲ, ಸರಿಹೋಗುತ್ತದೆ' ಅಂತ ಪಕ್ಕದಲ್ಲಿ ಕೂತವರೊಬ್ಬರು ಪಿಸುಗುಟ್ಟಿದರು. ಕಾಫಿ ಹೂ ಅರಳಿಸುವ ನಮ್ಮ ಹೂ ಮಳೆ ಕೈಕೊಟ್ಟದ್ದು ಲಂಡನ್ನಿಗೆ ಗೊತ್ತೂ ಆಗುವುದಿಲ್ಲ ಮಾರಾಯ್ರೆ. ಮಾರ್ಚಿನಲ್ಲಿ ಅರೆಬರೆ ಹನಿ ಬಿದ್ದು ಮೊಗ್ಗು ಹಾಳಾಗಿ, ಹೂ ಬಿಟ್ಟ ಮೇಲೆ ಬೇಕಾದ ಬ್ಯಾಕಿಂಗ್ ಮಳೆ ಬಾರದೆ ನಮ್ಮ ಕಾಯಿ ಉದುರಿ, ಅದೇ ವರ್ಷ ಬ್ರೆಜಿಲ್‌ನಲ್ಲಿ ಭರ್ಜರಿ ಬೆಳೆ ಬಂದರೆ ಎರಡೂ ಕಡೆಯಿಂದ ಏಟು. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡವೇ ಜಾರಿತಲ್ಲ, ಆ ವರ್ಷಕ್ಕೆ ಇವರ ಟೇಬಲಿನಲ್ಲಿ ಜಾಗ ಎಲ್ಲಿದೆ? ಹತ್ತು ವರ್ಷದಲ್ಲಿ ಒಂದಾದರೂ ಕೆಟ್ಟ ವರ್ಷ ಬರೆಯುವ ಧೈರ್ಯ ಬೇಡವಾ? ಕಾಳುಮೆಣಸಿನ ಬಳ್ಳಿಯಂತೂ ಎರಡನೇ ವರ್ಷಕ್ಕೇ ತುಂಬು ಫಸಲು ಕೊಡುತ್ತದಂತೆ. ಬಳ್ಳಿಯನ್ನು ಒಣಗಿಸುವ ಸೊರಗು ರೋಗ ಇವರ ಕಂಪನಿಗೆ ಹೆದರಿ ಓಡಿಹೋಗಿರಬೇಕು.

'ಪರವಾಗಿಲ್ಲ ಬಿಡಿ, ಮೊದಲು ಜನ ಲೆಕ್ಕವೇ ಹಾಕುತ್ತಿರಲಿಲ್ಲ, ಈಗ ಇಷ್ಟಾದರೂ ಇದೆಯಲ್ಲ' ಅನ್ನುವವರಿದ್ದಾರೆ. ಅವರಿಗೊಂದು ಮಾತು. ಹಳೇ ತೋಟದ ಮನೆಗಳಲ್ಲಿ ಮಳೆ ಪುಸ್ತಕ ನೋಡಿದ್ದೀರಾ? ಅಜ್ಜನ ಕಾಲದಿಂದ ದಿನಾ ಬೆಳಿಗ್ಗೆ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟದ್ದು. ಅದರಲ್ಲಿ ಕೆಟ್ಟ ವರ್ಷವೂ ಇದೆ. ಯಾರನ್ನೂ ಮೆಚ್ಚಿಸುವುದಕ್ಕೆ ಬರೆದದ್ದಲ್ಲ. ಸಾಲ ಕೊಡಿಸಬೇಕು ಅಂತ ಮೊದಲೇ ತೀರ್ಮಾನ ಮಾಡಿ, ಉತ್ತರ ಬರುವ ತನಕ ಅಂಕಿ ತಿದ್ದಿದ ಟೇಬಲ್‌ಗಿಂತ ಲೆಕ್ಕ ಇಲ್ಲದಿರುವುದೇ ವಾಸಿ. ಲೆಕ್ಕ ಇಲ್ಲದವನಿಗೆ ಭಯ ಆದರೂ ಇರುತ್ತದೆ.

ಡ್ಯಾಶ್‌ಬೋರ್ಡ್ ಕೂಡ ಕೊಡುತ್ತಾರಂತೆ, ಮೊಬೈಲ್‌ನಲ್ಲೇ ಇಡೀ ತೋಟ! ಒಳಗೆ ಹೋಗುವ ಅಂಕಿ ಯಾವುದು? ರೈಟರ್ (ತೋಟದ ಗುಮಾಸ್ತ) ಶನಿವಾರ ಸಂಜೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಮುಂದೆ ಕೂತು ವಾರದ್ದನ್ನೆಲ್ಲ ನೆನಪಿನಿಂದ ತುಂಬಿದ್ದು. ಮಳೆಯ ಕಾಲಂನಲ್ಲಿ ಕೆಲವು ತಿಂಗಳು ಮಿಲಿಮೀಟರ್, ಕೆಲವು ತಿಂಗಳು ಇಂಚು. ಒಂದು ಇಂಚು 20 ಸೆಂಟ್ ಅಂದರೆ ಸುಮಾರು 30 ಮಿಲಿಮೀಟರ್. ಅಲ್ಲಿ 1.2 ಅಂತ ಒತ್ತಿದರೂ ಶೀಟ್ ಚಕಾರ ಎತ್ತುವುದಿಲ್ಲ. ಸರಾಸರಿ ತೆಗೆದು ಚಂದದ ನೀಲಿ ಗ್ರಾಫ್ ಮಾಡಿ ಕೊಡುತ್ತದೆ.

ದೊಡ್ಡವರಿಗೂ ಹೀಗೆ ಆಗುತ್ತದೆ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಒಂದು ಪ್ರಬಂಧ ಬರೆದರು. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಅಂತ. ಸರ್ಕಾರಗಳು ಖರ್ಚು ಕಡಿತಕ್ಕೆ ಅದನ್ನೇ ತೋರಿಸಿದವು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರಿಂದಲೇ ಎಕ್ಸೆಲ್ ಫೈಲ್ ತರಿಸಿಕೊಂಡು ತೆರೆದು ನೋಡಿದ. ಸರಾಸರಿಯ ಸೂತ್ರ ಐದು ದೇಶಗಳನ್ನೇ ಬಿಟ್ಟಿತ್ತು! ಬೇರೆ ತಕರಾರುಗಳೂ ಇದ್ದವು. ಎಲ್ಲ ಸರಿಮಾಡಿದಾಗ ಆ ದೇಶಗಳ ಸರಾಸರಿ ಬೆಳವಣಿಗೆ ಶೇ. ಮೈನಸ್ 0.1 ಇದ್ದದ್ದು ಶೇ. 2.2 ಆಯಿತು. ಅವರು ತಪ್ಪು ಮಾಡಿದ್ದು ಹೌದು, ಆದರೆ ಕೇಳಿದಾಗ ಫೈಲ್ ಕೊಟ್ಟರು ನೋಡಿ. ಹಾರ್ವರ್ಡ್‌ನವರು ಕೊಟ್ಟದ್ದನ್ನು ಗೋಣಿಕೊಪ್ಪಕ್ಕೆ ಬಂದವರು ಕೊಡಲಿಲ್ಲ.

ನನಗೆ ಎಕ್ಸೆಲ್ ಮೇಲೆ ಸಿಟ್ಟಿಲ್ಲ, ಇದನ್ನು ಹೇಳಿಬಿಡುತ್ತೇನೆ. ಎಕ್ಸೆಲ್ ಅಂದರೆ ನನಗೆ ಪ್ರಾಣ. ಮನೆಯ ಮದುವೆಗೆ ಎಷ್ಟು ಕಡಂಬುಟ್ಟು ಬೇಕು ಅಂತಲೂ ಶೀಟ್ ಮಾಡಿದವಳು ನಾನು. ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಪ್ರೀತಿ ಇರುವುದಕ್ಕೇ ಇಷ್ಟು ಉರಿಯುವುದು.

ಆ ಕಂಪನಿಯವರು ಮುಂದೆ ಸೋಮವಾರಪೇಟೆ, ಸುಂಟಿಕೊಪ್ಪ ಕಡೆಯೂ ಬರುತ್ತಾರಂತೆ. ಹೋಗುವವರು ಹೋಗಿ, ಊಟ ಚೆನ್ನಾಗಿತ್ತು. ಆದರೆ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಅಲ್ಲೇ, ಎಲ್ಲರ ಎದುರಿಗೇ, ಲ್ಯಾಪ್‌ಟಾಪ್ ತೆರೆಸಿ. ಬೆಲೆ 6,500 ಹಾಕಿಸಿ. ಔಟ್‌ಟರ್ನ್ 25 ಹಾಕಿಸಿ. ಮೂರನೇ ವರ್ಷದ ಫಸಲನ್ನು ಅರ್ಧ ಮಾಡಿಸಿ. ಕಂತು ಕಟ್ಟುವುದಕ್ಕೆ ಆಗುತ್ತದಾ ನೋಡಿ.

ನನ್ನದೊಂದು ಖಾಲಿ ಶೀಟ್ ಇದೆ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಫೈಲನ್ನೇ ಕೊಡುತ್ತೇನೆ. ಹಳದಿ ಸೆಲ್‌ಗಳಲ್ಲಿ ನಿಮ್ಮ ಅಂಕಿ ತುಂಬಿ. ಬಿಳಿ ಸೆಲ್‌ಗಳಲ್ಲಿ ಸೂತ್ರ ಇದೆ, ಕ್ಲಿಕ್ ಮಾಡಿ ನೋಡಬಹುದು, ತಪ್ಪು ಸಿಕ್ಕರೆ ಬೈಯಬಹುದು. ಫೋನ್ ಮಾತ್ರ ಕೊಯ್ಲು ಮುಗಿದ ಮೇಲೆ ಮಾಡಿ.