ಕಾಫಿ ತೋಟ ಕೃಷಿ ಭೂಮಿ ಹೌದೋ ಅಲ್ವೋ, ಹರಾಜಿಗೆ ಮುಂಚೆ ಹೇಳಿ

ನಮ್ಮ ಮಲೆನಾಡಿನ ಕಡೆ ಪೇಪರ್ ಬಿಡಿಸಿದ ತಕ್ಷಣ ಬ್ಯಾಂಕ್ ಹರಾಜಿನ ಜಾಹೀರಾತು ಹುಡುಕುವುದು ಹಲವರಿಗೆ ಅಭ್ಯಾಸವೇ ಆಗಿದೆ. ಸರ್ವೆ ನಂಬರ್, ಎಕರೆ, ಗುಂಟೆ, ಚಕ್ಕುಬಂದಿ, ಸಾಲಗಾರನ ಹೆಸರು, ಜಾಮೀನು ಹಾಕಿದವನ ಹೆಸರು, ಕೆಳಗೆ ಮೀಸಲು ಬೆಲೆ. ಯಾರ ತೋಟ ಅಂತ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಇದು ನಡೆಯುವುದು 2002ರ ಸರ್ಫೇಸಿ ಕಾಯ್ದೆಯಲ್ಲಿ. ಕಂತು ನಿಂತು ಖಾತೆ ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಆಯಿತು ಅಂದರೆ ಬ್ಯಾಂಕ್ ದಾವೆ ಹೂಡಬೇಕಾಗಿಲ್ಲ. 60 ದಿನದ ನೋಟಿಸ್ ಕೊಟ್ಟು, ಆಮೇಲೆ ಅಡವಿಟ್ಟ ಆಸ್ತಿಯನ್ನು ತಾನೇ ಸ್ವಾಧೀನಕ್ಕೆ ತೆಗೆದುಕೊಂಡು ಮಾರಬಹುದು. ಕೋರ್ಟಿಗೆ ಅಲೆಯುವ ಸರದಿ ಸಾಲಗಾರನದ್ದು.

ಆದರೆ ಇದೇ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಗದ್ದೆ ಅಡವಿಟ್ಟವನ ಮೇಲೆ ಸರ್ಫೇಸಿ ನಡೆಯುವುದಿಲ್ಲ. ಹಾಗಾದರೆ ಕಾಫಿ ತೋಟದ ಮೇಲೆ ಹೇಗೆ ನಡೆಯುತ್ತಿದೆ? ಜಗಳ ಇರುವುದೇ ಇಲ್ಲಿ.

ಪಹಣಿ ನೋಡಿದರೆ ಬೆಳೆ ಕಾಲಂನಲ್ಲಿ ಕಾಫಿ ಅಂತಲೇ ಇರುತ್ತದೆ. ಕಂದಾಯ ಕಟ್ಟುತ್ತೇವೆ, ಮಳೆ ನಂಬಿ ಬದುಕುತ್ತೇವೆ. ಆದರೆ 1961ರ ಭೂ ಸುಧಾರಣಾ ಕಾಯ್ದೆ ಕಾಫಿ, ಟೀ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳಿಗೆ 'ಪ್ಲಾಂಟೇಶನ್' ಅಂತ ಬೇರೆ ಹೆಸರು ಕೊಟ್ಟು ಭೂಮಿತಿಯಿಂದ, ಅಂದರೆ ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಅನ್ನುವ ಮಿತಿಯಿಂದ, ಬಿಟ್ಟಿತು. ಆಗ ಅದರಿಂದ ದೊಡ್ಡ ಎಸ್ಟೇಟಿನವರಿಗೆ ಅನುಕೂಲವಾಯಿತು. ಈಗ ಅದೇ 'ಪ್ಲಾಂಟೇಶನ್, ಕೃಷಿ ಭೂಮಿ ಅಲ್ಲ' ಅನ್ನುವ ಬ್ಯಾಂಕಿನ ವಾದ ಸಣ್ಣ ಬೆಳೆಗಾರನ ಕುತ್ತಿಗೆಗೆ ಬಂದಿದೆ. ಕಾಫಿ ಬೋರ್ಡ್ ಕೂಡ ಕೃಷಿ ಸಚಿವಾಲಯದ ಕೆಳಗಿಲ್ಲ, ವಾಣಿಜ್ಯ ಸಚಿವಾಲಯದ ಕೆಳಗಿದೆ. ಕಾಫಿ ಕುಯ್ಯುವಾಗ ನಾವು ರೈತರು, ಕಂತು ತಪ್ಪಿದಾಗ ವ್ಯಾಪಾರಿಗಳು!

ಸುಪ್ರೀಂ ಕೋರ್ಟ್ 2018ರಲ್ಲಿ ಇಂಡಿಯನ್ ಬ್ಯಾಂಕಿನ ಒಂದು ಪ್ರಕರಣದಲ್ಲಿ ಹೇಳಿದ್ದು ಇಷ್ಟು: ಕಂದಾಯ ದಾಖಲೆಯಲ್ಲಿ ಕೃಷಿ ಅಂತ ಬರೆದ ಮಾತ್ರಕ್ಕೆ ಸಾಲದು, ಜಮೀನು ಎಂಥದ್ದು, ಯಾವುದಕ್ಕೆ ಬಳಕೆಯಾಗುತ್ತಿದೆ ಅನ್ನುವುದನ್ನೆಲ್ಲ ನೋಡಬೇಕು. ಸರಿಯಾದ ಮಾತು. ಪಹಣಿಯಲ್ಲಿ ರಾಗಿ, ಜಾಗದಲ್ಲಿ ರೆಸಾರ್ಟ್ ಇದ್ದರೆ ಅದು ಕೃಷಿ ಹೇಗಾಗುತ್ತದೆ? ನನ್ನ ತಕರಾರು ಬೇರೆ. ನೋಡಬೇಕು ಸರಿ, ಆದರೆ ಯಾವಾಗ ನೋಡುತ್ತೀರಿ?

ನೋಟಿಸ್ ಬಂದಾಗ ಸಾಲಗಾರ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬಹುದು. ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. 'ನಿಮ್ಮದು ಕೃಷಿ ಭೂಮಿ ಅಲ್ಲ' ಅಂತ ಬ್ಯಾಂಕೇ ತೀರ್ಮಾನ ಮಾಡಿ ಎರಡು ಸಾಲು ಬರೆದರೂ ಆಯಿತು. ಆ ಉತ್ತರದ ಮೇಲೆ ಡಿಆರ್‌ಟಿಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಹೋಗುವ ಹಾಗಿಲ್ಲ. ಬ್ಯಾಂಕ್ ಸ್ವಾಧೀನಕ್ಕೆ ಕೈ ಹಾಕಿದ ಮೇಲಷ್ಟೇ ಬಾಗಿಲು ತೆರೆಯುತ್ತದೆ, ಅದೂ 45 ದಿನ ಮಾತ್ರ. ಈ ಕಾಯ್ದೆಯೇ ಅನ್ವಯಿಸುತ್ತದೋ ಇಲ್ಲವೋ ಅನ್ನುವ ಮೊದಲ ಪ್ರಶ್ನೆಯನ್ನು ತೋಟಕ್ಕೆ ನೋಟಿಸ್ ಅಂಟಿಸಿದ ಮೇಲೆ ಕೇಳಬೇಕು! ಇದು ಯಾವ ಸೀಮೆ ನ್ಯಾಯ?

ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ. ಮಡಿಕೇರಿಯಿಂದ ಸುಮಾರು 250 ಕಿ.ಮೀ. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈನಲ್ಲಿ, ಬಾಕಿಯ ಅರ್ಧ ಠೇವಣಿ ಇಟ್ಟು. ಮಂಡಳಿ ಮನಸ್ಸು ಮಾಡಿದರೆ ಕಾಲು ಭಾಗಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. 40 ಲಕ್ಷ ಬಾಕಿ ಇದ್ದವನು ಕಡಿಮೆ ಅಂದರೂ 10 ಲಕ್ಷ ತರಬೇಕು. ಅಷ್ಟು ದುಡ್ಡು ಕೈಯಲ್ಲಿದ್ದಿದ್ದರೆ ಬ್ಯಾಂಕಿಗೇ ಕಟ್ಟುತ್ತಿದ್ದ, ಅಲ್ವಾ?

ಇನ್ನೊಂದು ಪೆಟ್ಟು 2016ರ ತಿದ್ದುಪಡಿ. ಮೊದಲು ಮಾರಾಟ ಆಗುವವರೆಗೂ ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳಬಹುದಿತ್ತು. ಈಗ ಹರಾಜಿನ ಪ್ರಕಟಣೆ ಬರುವ ಮುಂಚೆಯೇ ಕಟ್ಟಬೇಕು. 2023ರಲ್ಲಿ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಕಾಫಿಯವನಿಗೆ ಇದು ಜಾಸ್ತಿ ಹೊಡೆತ, ಯಾಕೆಂದರೆ ನಮಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕುಯ್ಲು ಮುಗಿದ ಮೇಲೆ. 2018ರ ಮಳೆಗಾಲದಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಜಾರಿದವು, ಮರುವರ್ಷ ಮೂಡಿಗೆರೆ ಕಡೆಯೂ ಕುಸಿಯಿತು. ಅರೇಬಿಕಾ ಗಿಡಕ್ಕೆ ಕಾಂಡಕೊರಕ ಬೇರೆ. ಆ ವರ್ಷಗಳಲ್ಲಿ ಬೆಲೆಯೂ ನೆಲ ಕಚ್ಚಿತ್ತು. 2024ರಲ್ಲಿ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿತು. ಅಷ್ಟರೊಳಗೆ ತೋಟ ಕಳೆದುಕೊಂಡವನಿಗೆ ಆ ಬೆಲೆ ಪೇಪರಿನಲ್ಲಿ ಓದುವುದಕ್ಕೆ ಮಾತ್ರ.

ಬ್ಯಾಂಕಿನವರ ಮಾತನ್ನೂ ಹೇಳಬೇಕು. ಅದು ಠೇವಣಿದಾರರ ದುಡ್ಡು. ತೋಟದ ಹೆಸರಲ್ಲಿ ಸಾಲ ಎತ್ತಿ ಹೋಂಸ್ಟೇ ಕಟ್ಟಿದವರು, ನಗರದಲ್ಲಿ ಸೈಟು ಮಾಡಿದವರು ನಮ್ಮಲ್ಲೂ ಇದ್ದಾರೆ. ಅವರೆಲ್ಲ 'ಅನ್ನದಾತ' ಅಂತ ಎದೆ ಬಡಿದುಕೊಂಡರೆ ನನಗೂ ಸಿಟ್ಟು ಬರುತ್ತದೆ. ಆದರೆ ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕಿಂತ ಹೆಚ್ಚು ಜನ 10 ಹೆಕ್ಟೇರಿಗಿಂತ ಕಡಿಮೆ ತೋಟದವರು. ಮತ್ತೆ, ಸರ್ಫೇಸಿ ಬೇಡ ಅಂದರೆ ಸಾಲ ಮನ್ನಾ ಮಾಡಿ ಅಂತಲ್ಲ. ಬಾಕಿ 20 ಲಕ್ಷಕ್ಕೆ ಮೇಲಿದ್ದರೆ ಬ್ಯಾಂಕ್ ಡಿಆರ್‌ಟಿಯಲ್ಲಿ ಕೇಸು ಹಾಕಲಿ, ಕಡಿಮೆ ಇದ್ದರೆ ಸಿವಿಲ್ ಕೋರ್ಟಿದೆ. ಎರಡೂ ಕಡೆ ಸಾಲಗಾರನ ಮಾತು ಕೇಳಿದ ಮೇಲೆ ಆಸ್ತಿಗೆ ಕೈ ಹಾಕುತ್ತಾರೆ. ನಿಧಾನ, ಒಪ್ಪುತ್ತೇನೆ. ಹಾಗೆ ಮಾಡಿದರೆ ಬ್ಯಾಂಕುಗಳು ತೋಟದ ಮೇಲೆ ಸಾಲ ಕೊಡಲು ಹಿಂದೆ ಮುಂದೆ ನೋಡಬಹುದು, ಅದನ್ನೂ ಒಪ್ಪುತ್ತೇನೆ. ಆ ಬೆಲೆ ತೆರಲು ನಾನಂತೂ ತಯಾರು.

ಬೆಳೆಗಾರರ ಸಂಘಗಳು ಕಾಫಿಯನ್ನು ಸರ್ಫೇಸಿಯಿಂದ ಹೊರಗಿಡಿ ಅಂತ ಕೇಂದ್ರವನ್ನು ಕೇಳುತ್ತಲೇ ಇವೆ. 31ನೇ ಸೆಕ್ಷನ್‌ಗೆ ಒಂದು ವಾಕ್ಯ ಸೇರಿಸಿದರೆ ಮುಗಿಯಿತು. ಅದು ಆಗದಿದ್ದರೆ, ಜಮೀನು ಕೃಷಿಯದ್ದೋ ಅಲ್ಲವೋ ಅನ್ನುವುದನ್ನು ಸ್ವಾಧೀನಕ್ಕೆ ಮುಂಚೆ ಬ್ಯಾಂಕ್ ಬಿಟ್ಟು ಬೇರೆ ಯಾರಾದರೂ ತೀರ್ಮಾನಿಸಲಿ.

ಅಲ್ಲಿಯವರೆಗೆ, ನೋಟಿಸ್ ಬಂದವರು ದಯವಿಟ್ಟು ಅದನ್ನು ಬೀರುವಿನಲ್ಲಿ ಇಡಬೇಡಿ. 60 ದಿನದೊಳಗೆ ಪಹಣಿ, ತೋಟದ ಫೋಟೋ, ಕಾಫಿ ಮಾರಿದ ಬಿಲ್ಲು ಲಗತ್ತಿಸಿ ಆಕ್ಷೇಪಣೆ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ತಾಲ್ಲೂಕು ಕೋರ್ಟಿನಲ್ಲಿ ಸ್ಟೇ ತರುತ್ತೇನೆ ಅನ್ನುವವರಿಗೆ ಫೀಸು ಕೊಡುವ ಮುಂಚೆ ಇದೇ ಕಾಯ್ದೆಯ 34ನೇ ಸೆಕ್ಷನ್ ತೋರಿಸಿ ಕೇಳಿ. ಇಂಥ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರ ಇಲ್ಲ ಅಂತ ಅಲ್ಲೇ ಬರೆದಿದೆ.