ಸಂಡೂರಿನ ಧೂಳು, ಸಿರುಗುಪ್ಪದ ಸುಳ್ಳು

ಸಿರುಗುಪ್ಪಕ್ಕೆ ಹೋಗಿ ಮಾವನ ಗದ್ದೆ ನೋಡಿಕೊಂಡು ಬರುತ್ತೇನೆ ಅಂತ ಅವ್ವನಿಗೆ ಹೇಳಿ ಹೊರಟಿದ್ದೆ. ಸಂಜೆ ಹಿತ್ತಿಲಲ್ಲಿ ಬಕೆಟ್ ಇಟ್ಟುಕೊಂಡು ಬೈಕಿನ ಏರ್ ಫಿಲ್ಟರ್ ತೊಳೆಯುತ್ತಾ ಕೂತಿದ್ದೆ. ಅವ್ವ ಬಂದು ಬಗ್ಗಿ ನೋಡಿದಳು. ನೀರು ಕುಂಕುಮ ಕದಡಿದ ಹಾಗಿತ್ತು.

"ಸಿರುಗುಪ್ಪದ ಎರೆಮಣ್ಣು ಯಾವಾಗಿಂದ ಕೆಂಪಾತೋ?" ಅಂದಳು.

ನಾನು ಸೋಪಿನ ನೊರೆ ಸ್ವಲ್ಪ ಜಾಸ್ತಿ ಮಾಡಿದೆ. ಪ್ರಯೋಜನವಾಗಲಿಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ಬೈಕು ಇಟ್ಟುಕೊಂಡು ಸುಳ್ಳು ಹೇಳುವುದು ಕಷ್ಟ. ಸಿರುಗುಪ್ಪದ ಕಡೆ ಹೋದರೆ ಕಪ್ಪು ಎರೆ. ಸಂಡೂರಿನ ಕಡೆ ಹೋದರೆ ಕಬ್ಬಿಣದ ಅದಿರಿನ ಕೆಂಪು. ಅವ್ವ ರೈತರ ಮನೆಯವಳು. ಕಾಲಿಗೆ ಮೆತ್ತಿದ ಮಣ್ಣು ನೋಡಿ ಯಾವ ಕಡೆಯಿಂದ ಬಂದೆ ಅಂತ ಹೇಳುವವಳು. ಅವಳಿಗೆ ಬೆಟ್ಟದ ಭಯ ಇಲ್ಲ, ಇರುವುದು ಅದಿರಿನ ಲಾರಿಗಳ ಭಯ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತಲ್ಲ, ಅದಕ್ಕೂ ಮುಂಚಿನ ರಸ್ತೆಗಳನ್ನು ಅವಳು ಕಂಡಿದ್ದಾಳೆ. ಸಾಲುಗಟ್ಟಿ ಲಾರಿ, ಪಕ್ಕದ ಬೇವಿನ ಮರಗಳೂ ಕೆಂಪು. ಆಮೇಲೆ ಇಷ್ಟೇ ಅದಿರು ತೆಗೆಯಬೇಕು ಅಂತ ಮಿತಿ ಹಾಕಿ ಗಣಿಗಳನ್ನು ಮತ್ತೆ ಶುರು ಮಾಡಿದರು. ಅವ್ವನ ಹೆದರಿಕೆಗೆ ಮಾತ್ರ ಯಾವ ಕೋರ್ಟೂ ಮಿತಿ ಹಾಕಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಎತ್ತರದ್ದು, ಹಲ್ಲಿನ ಟೈರಿನದು, ಕಲ್ಲು ಕೊರಕಲಲ್ಲಿ ಓಡುವಂಥದ್ದು. ಅವ್ವ ಅದಕ್ಕೆ ಒಂಟೆ ಅನ್ನುತ್ತಾಳೆ. ಹಳೆಯ ಮಾಲೀಕ ಕಾಗದದ ಫಿಲ್ಟರ್ ತೆಗೆದು ಸ್ಪಂಜಿನದು ಹಾಕಿಸಿದ್ದ. ಕಾಗದದ್ದಾದರೆ ತೊಳೆಯುವ ಹಾಗಿಲ್ಲ, ಅದರ ಕಾಲ ಮುಗಿದ ಮೇಲೆ ಬಿಸಾಕಿ ಹೊಸದು ಹಾಕಬೇಕು. ಸ್ಪಂಜಿನದು ಹಾಗಲ್ಲ, ತೊಳೆದು ಮತ್ತೆ ಮತ್ತೆ ಹಾಕಬಹುದು. ಧೂಳಿನ ದಾರಿಗೆ ಇದೇ ವಾಸಿ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ 14.7 ಕಿಲೋ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಮನುಷ್ಯ ಇಡೀ ದಿನ ಉಸಿರಾಡುವುದೂ 10,000 ಲೀಟರಿನ ಆಸುಪಾಸೇ. ನಾನು ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ ಎಳೆಯುವ ಉಸಿರನ್ನು ನನ್ನ ಒಂಟೆ ಬಳ್ಳಾರಿಯಿಂದ ತೋರಣಗಲ್ಲು ದಾಟುವಷ್ಟರಲ್ಲಿ ಎಳೆದು ಮುಗಿಸಿರುತ್ತದೆ. ಅದೂ ಲಾರಿಯ ಹಿಂದೆ. ಅಷ್ಟೂ ಗಾಳಿ ಅಂಗೈ ಅಗಲದ ಒಂದು ಸ್ಪಂಜಿನ ತುಂಡಿನ ಮೂಲಕವೇ ಹಾದು ಹೋಗಬೇಕು.

ಬರೀ ಸ್ಪಂಜು ಧೂಳು ಹಿಡಿಯುವುದಿಲ್ಲ. ಹಿಡಿಯುವುದು ಅದಕ್ಕೆ ಸವರಿದ ಅಂಟಂಟು ಎಣ್ಣೆ. ಈ ವಿಷಯ ನನಗೆ ಮೊದಲು ಗೊತ್ತಿರಲಿಲ್ಲ. ಚೆನ್ನಾಗಿ ತೊಳೆದೆ, ಒಣಗಿಸಿದೆ, ಹಾಗೇ ಹಾಕಿದೆ. ಇಷ್ಟು ಚೊಕ್ಕ ಇರುವುದಕ್ಕೆ ಮತ್ತೆ ಎಣ್ಣೆ ಯಾಕೆ ಅಂತ ಸುಮ್ನೆ ಬಿಟ್ಟೆ. ಮೂರು ತಿಂಗಳು ಹಾಗೇ ಓಡಾಡಿದೆ. ಆಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಶುರುವಾಯಿತು, ಇಂಜಿನ್ ಆಯಿಲ್ ಬೇರೆ ಕಡಿಮೆ ಆಗತೊಡಗಿತು. ಗ್ಯಾರೇಜಿನ ಭಾಯ್ ಫಿಲ್ಟರ್ ಬಿಚ್ಚಿ, ಅದರ ಹಿಂದಿನ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದ. ಬೆರಳ ತುದಿ ಕೆಂಪು.

"ನೋಡ್ರಿ ಸರ್, ಒಳಗೆಲ್ಲ ಕುಂಕುಮ ಹಚ್ಚಿಬಿಟ್ಟೀರಿ."

ಅಲ್ಲಿ ಒಂದು ಕಣ ಧೂಳೂ ಇರಬಾರದಂತೆ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಧೂಳು ಎಣ್ಣೆಯಿಲ್ಲದ ಸ್ಪಂಜಿನಿಂದ ನುಸುಳಿ, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಹೊಕ್ಕು, ಉಪ್ಪುಕಾಗದದ ಹಾಗೆ ಉಜ್ಜಿತ್ತು. ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿದ್ದವು. ಬಿಲ್ಲು ಎಷ್ಟಾಯಿತು ಅಂತ ಅವ್ವನಿಗೆ ಈಗಲೂ ಹೇಳಿಲ್ಲ. ಅದಕ್ಕೆ ಬಣ್ಣ ಇಲ್ಲ, ಸಿಕ್ಕಿಬೀಳುವುದಿಲ್ಲ.

ಅಂದಿನಿಂದ ಫಿಲ್ಟರ್ ತೊಳೆಯುವುದು ನನ್ನ ಭಾನುವಾರದ ಪೂಜೆ. ಸೀಟು ಬಿಚ್ಚುವ ಮೊದಲೇ ಸುತ್ತಲಿನ ಧೂಳು ಒರೆಸಬೇಕು, ಇಲ್ಲದಿದ್ದರೆ ಬಿಚ್ಚುವಾಗಲೇ ಒಳಗೆ ಉದುರುತ್ತದೆ. ಫಿಲ್ಟರ್ ತೆಗೆದ ಕೂಡಲೇ ಗಾಳಿ ಹೋಗುವ ಬಾಯಿಗೆ ಒಂದು ಶುಭ್ರ ಬಟ್ಟೆ ತುರುಕಬೇಕು. ಪೆಟ್ರೋಲಿನಲ್ಲಿ ತೊಳೆಯಬಾರದು. ಸ್ಪಂಜಿನ ಹೊಲಿಗೆಯ ಅಂಟು ಬಿಡುತ್ತದೆ, ಬೆಂಕಿಯ ಭಯ ಬೇರೆ. ನಾನು ಅಡುಗೆಮನೆಯಿಂದ ಪಾತ್ರೆ ತೊಳೆಯುವ ಲಿಕ್ವಿಡ್ ತರುತ್ತೇನೆ. ಅವ್ವ ಹತ್ತಿರ ಇದ್ದರೆ ಬಾಟಲಿಯ ಮಟ್ಟ ನೋಡಿ ಒಂದು ಮಾತು ಅಂದೇ ಅನ್ನುತ್ತಾಳೆ.

ಒಂದು ದಿನ ಅವಳೇ ನೆರವಿಗೆ ಬಂದಳು. ಸೀರೆ ಹಿಂಡಿದ ಹಾಗೆ ಫಿಲ್ಟರನ್ನು ಎರಡೂ ಕೈಯಲ್ಲಿ ಹಿಡಿದು ತಿರುವಲು ಹೊರಟಳು. ನಾನು ಕೂಗಿಕೊಂಡೆ. ಇದನ್ನು ಹಿಂಡಬಾರದು, ಅದುಮಬೇಕು. ಹಿಂಡಿದರೆ ಹರಿಯುತ್ತದೆ. "ಹಿಂಡದೆ ನೀರು ಹೆಂಗ ಹೋಗ್ತದೋ?" ಅಂತ ಗೊಣಗಿ ಎದ್ದು ಹೋದಳು. ಅವಳ ಪ್ರಕಾರ ಹಿಂಡದೆ ಒಗೆದದ್ದು ಒಗೆದ ಲೆಕ್ಕವೇ ಅಲ್ಲ.

ಆಮೇಲೆ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಸ್ಪಂಜು ಪುಡಿಯಾಗುತ್ತದೆ. ಈ ಮಾತು ಬರೆದವನು ಬಳ್ಳಾರಿಗೆ ಬಂದಿರಲಿಕ್ಕಿಲ್ಲ. ನಮ್ಮಲ್ಲಿ ಎರಡೇ ಕಾಲ, ಬಿಸಿಲು ಮತ್ತು ಕಡು ಬಿಸಿಲು. ಏಪ್ರಿಲ್ ತಿಂಗಳಲ್ಲಿ ನೆರಳೂ ಸುಡುತ್ತದೆ. ಕೊನೆಗೆ ನೀರಿನ ಕೊಡಗಳ ಮೇಲಿನ ಗೂಟಕ್ಕೆ ನೇತುಹಾಕುತ್ತೇನೆ. ಕುಡಿಯುವ ನೀರು ಸೋಸುವ ಬಟ್ಟೆಯೂ ಅಲ್ಲೇ ಒಣಗುತ್ತದೆ. ಅಕ್ಕಪಕ್ಕ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಒಣಗಿದ ಮೇಲೆ ಎಣ್ಣೆ. ಎಲ್ಲ ಕಡೆ ಒಂದೇ ಬಣ್ಣ ಬರುವವರೆಗೆ ಅದುಮಿ ಅದುಮಿ ಕುಡಿಸಬೇಕು, ಹೆಚ್ಚಾದದ್ದನ್ನು ಅದುಮಿಯೇ ತೆಗೆಯಬೇಕು. ಜಾಸ್ತಿ ಉಳಿದರೆ ಗಾಡಿಗೆ ಉಸಿರು ಕಟ್ಟುತ್ತದೆ, ಪಿಕಪ್ ಇರುವುದಿಲ್ಲ. ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಸಂದಿಲ್ಲದಂತೆ ಕೂರಿಸಬೇಕು. ಹೊಸ ಎಣ್ಣೆ ಹಚ್ಚಿಕೊಂಡು ಕೂತ ಫಿಲ್ಟರ್ ನೋಡಿದರೆ, ತಲೆಗೆ ಎಣ್ಣೆ ಹಾಕಿ ಬಾಚಿ ಶಾಲೆಗೆ ಕಳಿಸಿದ ಹುಡುಗನ ನೆನಪಾಗುತ್ತದೆ. ಸಂಜೆ ಹೇಗೆ ಬರುತ್ತಾನೆ ಅಂತ ಗೊತ್ತೇ ಇದೆ.

ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಅಂತ ಗಾಂಧೀಜಿ ಹೇಳಿದ್ದರೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೌದು, ಆಗ ಕುಮಾರಸ್ವಾಮಿ ಬೆಟ್ಟದ ಕಡೆ ಎಲ್ಲಿ ನೋಡಿದರೂ ಹಸಿರು. ಮಳೆಗೆ ಧೂಳು ಅಡಗಿರುತ್ತದೆ. ಫಿಲ್ಟರಿಗೆ ಅದೊಂದೇ ತಿಂಗಳು ರಜೆ. ಆದರೆ ನನ್ನಂಥವರು ಸೆಪ್ಟೆಂಬರಿಗೆ ಕಾಯುವುದಿಲ್ಲವಲ್ಲ.

ಹೋದ ತಿಂಗಳು ಆ ಸ್ಪಂಜು ಮುಗಿಯಿತು. ಅದುಮಿ ಬಿಟ್ಟರೆ ಮೊದಲಿನ ಹಾಗೆ ಉಬ್ಬಲಿಲ್ಲ, ಹೊಲಿಗೆಯ ಹತ್ತಿರ ಚೂರುಚೂರಾಗಿ ಕೈಗೆ ಬಂತು. ಈ ಸಲ ಎರಡು ತರಿಸಿದೆ. ಒಂದು ಗಾಡಿಯಲ್ಲಿ, ಇನ್ನೊಂದು ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ. ಎರಡಿದ್ದರೆ ತೊಳೆಯಲು ಅವಸರ ಇರುವುದಿಲ್ಲ ಅಂತ ಭಾಯ್ ಹೇಳಿದ್ದ. ನನಗೆ ಹೊಳೆದದ್ದು ಬೇರೆ ಉಪಯೋಗ.

ಮೊನ್ನೆ ಭಾನುವಾರ ಸಂಡೂರಿನಿಂದ ಬರುತ್ತಾ ಊರ ಹೊರಗೆ ಗಾಡಿ ತೊಳೆಯಿಸಿದೆ, ಟೈರಿನ ಹಲ್ಲಿನವರೆಗೆ. ಕೆಂಪು ಫಿಲ್ಟರ್ ಕವರಿಗೆ ಹೋಯಿತು, ಹೊಸದು ಗಾಡಿಗೆ. ಒಗ್ಗರಣೆ-ಮಿರ್ಚಿ ತಿಂದು, ನಿಧಾನವಾಗಿ ಮನೆಗೆ ಬಂದೆ. ಮಾವನ ಗದ್ದೆಯಲ್ಲಿ ನಾಟಿ ಚೆನ್ನಾಗಿ ಎದ್ದಿದೆ ಅಂತ ಕೇಳುವ ಮುಂಚೆಯೇ ಹೇಳಿದೆ. ಅವ್ವ ತಲೆಯಾಡಿಸಿದಳು.

ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಕರೆದಳು. ಅವಳ ಕೈಯಲ್ಲಿ ನನ್ನ ಬಿಳಿ ಕರ್ಚೀಫು. ದಾರಿಯುದ್ದಕ್ಕೂ ಮೂಗು ಒರೆಸಿಕೊಂಡದ್ದು, ಜೇಬಿನಲ್ಲೇ ಮರೆತದ್ದು.

"ಗಾಡೀದು ಬದಲಾಯಿಸ್ಕೆಂಡು ಬಂದಿ, ಸರಿ. ಇದನ್ನೂ ಬದಲಾಯಿಸ್ಕೆಂಡು ಬರಬೇಕಿತ್ತಲ್ಲೋ," ಅಂದು ಅದನ್ನು ಬಕೆಟ್ಟಿಗೆ ಹಾಕಿದಳು. ನೀರು ಕೆಂಪಾಯಿತು.